ತಿಂಗಳ ದಿನಸಿ ಬಜೆಟ್: ಲೆಕ್ಕ ತಪ್ಪುವುದೆಲ್ಲಿ, ಹಿಡಿದು ನಿಲ್ಲಿಸುವುದು ಹೇಗೆ?

ಬೆಂಗಳೂರು: ಸಂಬಳ ಕೈಸೇರಿದ ಮೊದಲ ವಾರದಲ್ಲಿ ದಿನಸಿ ಚೀಟಿ ಸಿದ್ಧವಾಗುತ್ತದೆ. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಸಾಬೂನು ಮನೆ ತಲುಪುತ್ತವೆ. ಡಬ್ಬಿಗಳು ತುಂಬಿದಾಗ ತಿಂಗಳ ದೊಡ್ಡ ಖರ್ಚೊಂದು ಮುಗಿಯಿತೆಂಬ ನೆಮ್ಮದಿ ಮೂಡುತ್ತದೆ. ಆದರೆ ಇಪ್ಪತ್ತನೆಯ ತಾರೀಕು ದಾಟುವಷ್ಟರಲ್ಲಿ ಅಡುಗೆಮನೆಗೆಂದು ತೆಗೆದಿಟ್ಟ ಹಣ ಬರಿದಾಗಿರುತ್ತದೆ. ಅಕ್ಕಿ ಇನ್ನೂ ಇದೆ, ಬೇಳೆಯೂ ಇದೆ. ಹಣ ಮಾತ್ರ ಎಲ್ಲಿ ಹೋಯಿತೆಂಬುದು ಯಾರಿಗೂ ತಿಳಿಯದು. ರಾಜ್ಯದ ನಗರಗಳ ಅಸಂಖ್ಯ ಮಧ್ಯಮವರ್ಗದ ಮನೆಗಳಲ್ಲಿ ತಿಂಗಳಿಂದ ತಿಂಗಳಿಗೆ ಮರುಕಳಿಸುವ ಕಥೆ ಇದು.

ಇದರ ಪರಿಣಾಮ ಲೆಕ್ಕದ ಪುಸ್ತಕಕ್ಕೆ ಸೀಮಿತವಾಗಿ ಉಳಿಯುವುದಿಲ್ಲ. ಶಾಲಾ ಶುಲ್ಕ, ಮನೆ ಬಾಡಿಗೆ, ಸಾಲದ ಕಂತುಗಳನ್ನು ಮುಂದೂಡಲಾಗದು. ಹೀಗಾಗಿ ಹಣ ಸಾಲದೆ ಹೋದಾಗ ಮೊದಲ ಕತ್ತರಿ ಬೀಳುವುದು ತಟ್ಟೆಯ ಮೇಲೆ. ಹಣ್ಣು ನಿಲ್ಲುತ್ತದೆ, ಮೊಟ್ಟೆ ನಿಲ್ಲುತ್ತದೆ, ಸಾರಿನಲ್ಲಿ ಬೇಳೆ ತೆಳುವಾಗುತ್ತದೆ, ಎರಡು ಪ್ಯಾಕೆಟ್ ಹಾಲಿನ ಜಾಗದಲ್ಲಿ ಒಂದೇ ಪ್ಯಾಕೆಟ್ ಬರುತ್ತದೆ. ಕಡಿಮೆಯಾದ ಪಾಲು ಎಷ್ಟೋ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವ ಗೃಹಿಣಿಯದ್ದೇ ಆಗಿರುತ್ತದೆ. ಹಾಗಾಗಿ ದಿನಸಿ ಬಜೆಟ್ ಎಂಬುದು ಉಳಿತಾಯಕ್ಕೆ ಎಷ್ಟು ಸಂಬಂಧಿಸಿದೆಯೋ ಮನೆಮಂದಿಯ ಆರೋಗ್ಯಕ್ಕೂ ಅಷ್ಟೇ ಸಂಬಂಧಿಸಿದ ವಿಷಯ.

ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಮೊದಲ ವಾರದ ಚೀಟಿಯಲ್ಲಿ ಅಲ್ಲ, ಚೀಟಿಗೆ ಸೇರದ ನಿತ್ಯದ ಖರೀದಿಯಲ್ಲಿ. ಅದನ್ನು ಗುರುತಿಸಿ ಕಟ್ಟು ಹಾಕುವ ಸರಳ ಕ್ರಮಗಳು ಇಲ್ಲಿವೆ.

ಆಹಾರದ ಪಾಲು ಎಷ್ಟು?

ಆದಾಯ ಹೆಚ್ಚಿದಂತೆ ಒಟ್ಟು ವೆಚ್ಚದಲ್ಲಿ ಆಹಾರದ ಪಾಲು ಕಡಿಮೆಯಾಗುತ್ತದೆ ಎಂಬುದನ್ನು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್‌ಸ್ಟ್ ಎಂಗೆಲ್ 1857ರಲ್ಲಿ ತೋರಿಸಿಕೊಟ್ಟರು. ಭಾರತದ ಅಂಕಿಅಂಶಗಳೂ ಇದನ್ನೇ ಹೇಳುತ್ತವೆ. ಕೇಂದ್ರ ಸರ್ಕಾರದ ಗೃಹಬಳಕೆ ವೆಚ್ಚ ಸಮೀಕ್ಷೆಗಳ ಪ್ರಕಾರ, 1999-2000ರಲ್ಲಿ ನಗರವಾಸಿಯ ಒಟ್ಟು ವೆಚ್ಚದಲ್ಲಿ ಆಹಾರದ ಪಾಲು ಶೇ 48ರಷ್ಟಿತ್ತು. 2023-24ರ ವೇಳೆಗೆ ಅದು ಶೇ 39.68ಕ್ಕೆ ಇಳಿದಿತ್ತು. ಅದೇ ವರ್ಷ ನಗರ ಪ್ರದೇಶದಲ್ಲಿ ಒಬ್ಬ ವ್ಯಕ್ತಿಯ ಸರಾಸರಿ ಮಾಸಿಕ ವೆಚ್ಚ 6,996 ರೂಪಾಯಿ ಎಂದು ಸಮೀಕ್ಷೆ ದಾಖಲಿಸಿತು. ಈ ಲೆಕ್ಕದಂತೆ ನಾಲ್ವರ ಕುಟುಂಬವೊಂದು ಆಹಾರಕ್ಕಾಗಿ ತಿಂಗಳಿಗೆ ಸುಮಾರು 11,100 ರೂಪಾಯಿ ವ್ಯಯಿಸುತ್ತದೆ. ಇದು ದೇಶದ ಸರಾಸರಿ ಮಾತ್ರ. ಬೆಂಗಳೂರಿನಂಥ ನಗರದಲ್ಲಿ ಮೊತ್ತ ಹೆಚ್ಚಿರಬಹುದು, ಸಣ್ಣ ಪಟ್ಟಣಗಳಲ್ಲಿ ಕಡಿಮೆ ಇರಬಹುದು.

ಈ ಸಮೀಕ್ಷೆಯಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ನಗರದ ಆಹಾರ ವೆಚ್ಚದಲ್ಲಿ ಅತಿ ದೊಡ್ಡ ಪಾಲು ಅಕ್ಕಿ-ಗೋಧಿಯದ್ದಲ್ಲ, ಹಾಲಿನದ್ದೂ ಅಲ್ಲ. ಪಾನೀಯ, ತಿಂಡಿತಿನಿಸು ಮತ್ತು ಸಂಸ್ಕರಿತ ಆಹಾರ ಎಂಬ ಬಾಬತ್ತು ಒಟ್ಟು ವೆಚ್ಚದ ಶೇ 11ರಷ್ಟನ್ನು ತೆಗೆದುಕೊಳ್ಳುತ್ತದೆ. ಹೋಟೆಲ್ ಊಟ, ಬಿಸ್ಕತ್ತು, ಚಿಪ್ಸ್, ತಂಪು ಪಾನೀಯ ಮೊದಲಾದವು ಇದರಲ್ಲಿ ಸೇರುತ್ತವೆ. ನಾಲ್ವರ ಕುಟುಂಬಕ್ಕೆ ಲೆಕ್ಕ ಹಾಕಿದರೆ ಇದು ತಿಂಗಳಿಗೆ 3,000 ರೂಪಾಯಿ ದಾಟುತ್ತದೆ. ಮೊದಲ ವಾರದ ದಿನಸಿ ಚೀಟಿಯಲ್ಲಿ ಇವುಗಳ ಹೆಸರು ಇರುವುದೇ ಅಪರೂಪ.

ಹಣ ಸೋರುವ ಜಾಗಗಳು

ಅಡುಗೆಮನೆಯ ಹಣ ಮುಖ್ಯವಾಗಿ ಮೂರು ಕಡೆ ಸೋರುತ್ತದೆ. ಮೊದಲನೆಯದು ಹಾಲು. ದಿನವೂ ಬರುವ ವಸ್ತುವಿನ ದರದಲ್ಲಿ ಆಗುವ ಸಣ್ಣ ಏರಿಕೆ ಕಣ್ಣಿಗೆ ಕಾಣುವುದಿಲ್ಲ. ಕರ್ನಾಟಕ ಹಾಲು ಮಹಾಮಂಡಳಿಯು 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರವನ್ನು ಲೀಟರಿಗೆ 4 ರೂಪಾಯಿ ಹೆಚ್ಚಿಸಿತು. ದಿನಕ್ಕೆ ಒಂದೂವರೆ ಲೀಟರ್ ಕೊಳ್ಳುವ ಮನೆಗೆ ಇದು ದಿನಕ್ಕೆ 6 ರೂಪಾಯಿ, ತಿಂಗಳಿಗೆ 180 ರೂಪಾಯಿ, ವರ್ಷಕ್ಕೆ 2,190 ರೂಪಾಯಿ. ಆದರೆ ಅಂದು ತಿಂಗಳ ಬಜೆಟ್‌ಗೆ 180 ರೂಪಾಯಿ ಸೇರಿಸಿಕೊಂಡ ಮನೆಗಳೆಷ್ಟು? ಸೇರಿಸದಿದ್ದಲ್ಲಿ ಆ ಮೊತ್ತ ಮತ್ತೊಂದು ಬಾಬತ್ತಿನಿಂದ ಸದ್ದಿಲ್ಲದೆ ಕಡಿತವಾಗುತ್ತದೆ.

ಎರಡನೆಯದು ತರಕಾರಿ. ಇದಕ್ಕೆ ನಿಗದಿತ ಮೊತ್ತವನ್ನೇ ಇಡದ ಮನೆಗಳು ಹಲವು. ಬೇಕಾದಾಗ ಬೇಕಾದಷ್ಟು ತರುವ ಅಭ್ಯಾಸದಿಂದಾಗಿ ತಿಂಗಳ ಕೊನೆಯಲ್ಲಿ ಒಟ್ಟು ಎಷ್ಟಾಯಿತೆಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಕೊಂಡ ಸೊಪ್ಪು ಮೂರನೆಯ ದಿನಕ್ಕೆ ಬಾಡಿ ಕಸದ ಬುಟ್ಟಿ ಸೇರಿದರೆ ಅದೂ ಖರ್ಚೇ.

ಮೂರನೆಯದು, ಇತ್ತೀಚಿನ ವರ್ಷಗಳಲ್ಲಿ ವೇಗವಾಗಿ ಬೆಳೆದಿರುವ ಬಿಡಿ ಖರೀದಿ. ಮೊಬೈಲಿನಲ್ಲಿ ಬೆರಳಾಡಿಸಿದರೆ ಕೆಲವೇ ನಿಮಿಷಗಳಲ್ಲಿ ಕೊತ್ತಂಬರಿ ಸೊಪ್ಪು ಬಾಗಿಲಿಗೆ ಬರುತ್ತದೆ. ಆದರೆ ಕೊತ್ತಂಬರಿ ಒಂದೇ ಬರುವುದಿಲ್ಲ. ವಿತರಣಾ ಶುಲ್ಕ ತಪ್ಪಿಸಲು ಕನಿಷ್ಠ ಮೊತ್ತ ಮುಟ್ಟಬೇಕೆಂದು ಐಸ್‌ಕ್ರೀಂ, ಚಿಪ್ಸ್, ಬಿಸ್ಕತ್ತು ಜೊತೆಗೂಡುತ್ತವೆ. ಇಲ್ಲವಾದರೆ ಶುಲ್ಕವನ್ನೇ ತೆರಬೇಕು. ಹೀಗೆ ಪ್ರತಿ ಬಾರಿ 120 ರೂಪಾಯಿ ಹೆಚ್ಚುವರಿಯಾಗಿ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ವಾರಕ್ಕೆ ಮೂರು ಬಾರಿಯಂತೆ ತಿಂಗಳಿಗೆ 13 ಬಾರಿ ತರಿಸಿದರೆ 1,560 ರೂಪಾಯಿ ಆಗುತ್ತದೆ. ಅಡುಗೆಮನೆಗೆ 12,000 ರೂಪಾಯಿ ಮೀಸಲಿಟ್ಟ ಕುಟುಂಬಕ್ಕೆ ಇದು ಶೇ 13ರಷ್ಟು. ಹನಿ ಹನಿ ಗೂಡಿದರೆ ಹಳ್ಳ ಎಂಬ ಮಾತು ಉಳಿತಾಯಕ್ಕೆ ಹೇಗೋ ಸೋರಿಕೆಗೂ ಹಾಗೆಯೇ ಅನ್ವಯಿಸುತ್ತದೆ.

ಮೊದಲು ಅಳತೆ, ಆಮೇಲೆ ಹಣ

ಬಜೆಟ್ ಹಾಕುವವರು ಸಾಮಾನ್ಯವಾಗಿ ಮೊತ್ತದಿಂದ ಆರಂಭಿಸುತ್ತಾರೆ. ಹಿಂದಿನ ತಲೆಮಾರಿನವರ ಕ್ರಮ ಬೇರೆಯಾಗಿತ್ತು. ಮನೆಯಲ್ಲಿ ಎಷ್ಟು ಮಂದಿ, ತಿಂಗಳಿಗೆ ಎಷ್ಟು ಸೇರು ಅಕ್ಕಿ, ಎಷ್ಟು ಬೇಳೆ ಬೇಕು ಎಂಬುದು ಅವರಿಗೆ ಕರಾರುವಾಕ್ಕಾಗಿ ಗೊತ್ತಿತ್ತು. ಅಳತೆ ತಿಳಿದಿದ್ದರೆ ದರ ಬದಲಾದಾಗ ಹೊಸ ಮೊತ್ತವನ್ನು ಲೆಕ್ಕ ಹಾಕುವುದು ಸುಲಭ. ಮೊತ್ತ ಮಾತ್ರ ತಿಳಿದಿದ್ದರೆ ದರ ಏರಿತೋ, ಬಳಕೆ ಹೆಚ್ಚಿತೋ ಎಂಬುದೇ ಗೊತ್ತಾಗುವುದಿಲ್ಲ.

ಈ ಅಳತೆಗೆ ಆಧಾರವೊಂದು ಲಭ್ಯವಿದೆ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪರಿಷ್ಕೃತ ಆಹಾರ ಮಾರ್ಗಸೂಚಿಯನ್ನು ಪ್ರಕಟಿಸಿತು. ದಿನಕ್ಕೆ 2,000 ಕಿಲೋ ಕ್ಯಾಲೊರಿ ಬೇಕಾಗುವ ವ್ಯಕ್ತಿಯ ತಟ್ಟೆಯಲ್ಲಿ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು, 27 ಗ್ರಾಂ ಎಣ್ಣೆ-ಕೊಬ್ಬು ಮತ್ತು 35 ಗ್ರಾಂ ಕಡಲೆಬೀಜದಂಥ ಎಣ್ಣೆಬೀಜಗಳು ಇರಬೇಕೆಂದು ಅದು ತಿಳಿಸುತ್ತದೆ. ಮಾಂಸಾಹಾರಿಗಳು ಬೇಳೆಯ ಒಂದು ಭಾಗವನ್ನು ಮೊಟ್ಟೆ, ಮೀನು, ಮಾಂಸದಿಂದ ಸರಿದೂಗಿಸಬಹುದು.

ನಾಲ್ವರಿಗೆ 30 ದಿನದ ಲೆಕ್ಕದಲ್ಲಿ ಇದು 30 ಕಿಲೋ ಧಾನ್ಯ, ಸುಮಾರು 10 ಕಿಲೋ ಬೇಳೆಕಾಳು, 36 ಲೀಟರ್ ಹಾಲು, ಸುಮಾರು ಮೂರೂವರೆ ಲೀಟರ್ ಎಣ್ಣೆ ಆಗುತ್ತದೆ. ಈ ಎಣ್ಣೆಯಲ್ಲಿ ತುಪ್ಪವೂ ಸೇರಿದೆ. ಮಕ್ಕಳು, ವೃದ್ಧರು, ಗರ್ಭಿಣಿಯರು ಇರುವ ಮನೆಯಲ್ಲಿ ಪ್ರಮಾಣ ಬದಲಾಗುತ್ತದೆಯಾದರೂ ಹೋಲಿಸಿ ನೋಡಲು ಇಷ್ಟು ಸಾಕು. ಮನೆಯ ಚೀಟಿಯಲ್ಲಿ ಎಣ್ಣೆ ಐದಾರು ಲೀಟರ್, ಬೇಳೆಕಾಳು ನಾಲ್ಕೈದು ಕಿಲೋ ಇದ್ದರೆ ಎಲ್ಲಿ ಕಡಿಮೆ ಮಾಡಬೇಕು, ಎಲ್ಲಿ ಹೆಚ್ಚಿಸಬೇಕು ಎಂಬುದಕ್ಕೆ ಬೇರೆ ಸಲಹೆ ಬೇಕಾಗುವುದಿಲ್ಲ. ಪಡಿತರ ಅಕ್ಕಿ ಪಡೆಯುವ ಕುಟುಂಬಗಳು ಆ ಪ್ರಮಾಣವನ್ನು ಧಾನ್ಯದ ಲೆಕ್ಕದಿಂದ ಕಳೆದು, ಉಳಿಯುವ ಹಣವನ್ನು ಬೇಳೆಗೆ ವರ್ಗಾಯಿಸಬಹುದು.

ಮನೆಯ ನಿಜವಾದ ಬಳಕೆಯನ್ನು ತಿಳಿಯಲು ಎರಡು ತಿಂಗಳ ದಾಖಲೆ ಸಾಕು. ಹೊಸ ಎಣ್ಣೆ ಪ್ಯಾಕೆಟ್ ಒಡೆದ ದಿನ, ಬೇಳೆ ಡಬ್ಬಿ ತುಂಬಿದ ದಿನವನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಯಾವುದು ಎಷ್ಟು ದಿನ ಬರುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಚೀಟಿ ಬರೆಯುವ ಮೊದಲು ಡಬ್ಬಿಗಳನ್ನು ತೆರೆದು ನೋಡುವುದು ಇನ್ನೂ ಮುಖ್ಯ. ಇದ್ದ ಸಾಸಿವೆಯ ಮೇಲೆ ಮತ್ತೆ ಸಾಸಿವೆ ತರುವುದು, ರವೆಯ ಹಳೆಯ ಪ್ಯಾಕೆಟ್ ಮೂಲೆಯಲ್ಲಿ ಹುಳು ಹಿಡಿಯುವುದು ಇಲ್ಲಿಗೆ ನಿಲ್ಲುತ್ತದೆ.

ಹಣವನ್ನು ಹಂಚುವ ಬಗೆ

ಅಳತೆ ಸಿದ್ಧವಾದ ಮೇಲೆ ಹಣವನ್ನು ಬಾಬತ್ತುಗಳಾಗಿ ಹಂಚಬೇಕು. ಉದಾಹರಣೆಗೆ ತಿಂಗಳಿಗೆ 12,000 ರೂಪಾಯಿ ಮೀಸಲಿಡುವ ನಾಲ್ವರ ಕುಟುಂಬವನ್ನು ತೆಗೆದುಕೊಳ್ಳಬಹುದು. ಮೊದಲ ವಾರದ ದಿನಸಿಗೆ 4,800 ರೂಪಾಯಿ, ಹಾಲಿಗೆ 2,100, ತರಕಾರಿ ಮತ್ತು ಹಣ್ಣಿಗೆ 3,000, ಮೊಟ್ಟೆ, ಮೀನು ಅಥವಾ ಪನೀರ್, ಮೊಳಕೆ ಕಾಳಿಗೆ 1,000, ಹಬ್ಬ ಹಾಗೂ ವರ್ಷದ ಸಾಮಾನಿಗೆ 600, ದರ ಏರಿಳಿತಕ್ಕೆ 500 ರೂಪಾಯಿ. ಇದೇ ಅನುಪಾತ ಎಲ್ಲರಿಗೂ ಹೊಂದಬೇಕೆಂದಿಲ್ಲ. ಕರಾವಳಿಯ ಮನೆಯಲ್ಲಿ ಮೀನಿನ ಪಾಲು, ಉತ್ತರ ಕರ್ನಾಟಕದ ಮನೆಯಲ್ಲಿ ಜೋಳದ ಪಾಲು ಹೆಚ್ಚಿರುತ್ತದೆ. ಆದರೆ ಕೊನೆಯ ಎರಡು ಬಾಬತ್ತುಗಳನ್ನು ಬಿಟ್ಟು ಹಾಕಿದ ಬಜೆಟ್ ಯುಗಾದಿ ಅಥವಾ ಗೌರಿ-ಗಣೇಶ ಬಂದ ತಿಂಗಳಲ್ಲಿ ಖಂಡಿತ ಮುರಿದು ಬೀಳುತ್ತದೆ. ಹಬ್ಬದ ಹಿಂದಿನ ದಿನ ಹೂವು, ಹಣ್ಣು, ತೆಂಗಿನಕಾಯಿ ದುಬಾರಿಯಾಗುವುದು ಪ್ರತಿವರ್ಷ ಎಲ್ಲರಿಗೂ ತಿಳಿದೇ ಇರುವ ಸಂಗತಿ. ತಿಳಿದಿರುವ ಖರ್ಚನ್ನು ಅನಿರೀಕ್ಷಿತ ಎನ್ನಲಾಗದು.

ಹಂಚುವಾಗ ಹಲವರು ಎಡವುವ ಒಂದು ಅಂಶವಿದೆ. ತಿಂಗಳಿಗೆ ನಾಲ್ಕು ವಾರ ಎಂದು ಲೆಕ್ಕ ಹಿಡಿದರೆ ತರಕಾರಿಯ 3,000 ರೂಪಾಯಿಯಲ್ಲಿ ವಾರಕ್ಕೆ 750 ಖರ್ಚಾಗಿ, 28ನೇ ತಾರೀಕಿಗೆ ಕೈ ಖಾಲಿಯಾಗುತ್ತದೆ. ಉಳಿದ ಎರಡು ಅಥವಾ ಮೂರು ದಿನಕ್ಕೆ ಹಣವಿರುವುದಿಲ್ಲ. ದಿನಕ್ಕೆ 100ರಂತೆ ವಾರಕ್ಕೆ 700 ರೂಪಾಯಿ ಇಟ್ಟುಕೊಂಡರೆ ಕೊನೆಯ ಎರಡು ದಿನಕ್ಕೆ 200 ರೂಪಾಯಿ ಉಳಿಯುತ್ತದೆ. ವರ್ಷದ ಏಳು ತಿಂಗಳುಗಳಲ್ಲಿ 31 ದಿನಗಳಿವೆ ಎಂಬುದನ್ನೂ ಹಾಲಿನ ಲೆಕ್ಕದಲ್ಲಿ ಮರೆಯಬಾರದು.

ದರ ಏರಿದಾಗ ಏನು ಮಾಡಬೇಕು?

ಬೆಲೆ ಸ್ಥಿರವಾಗಿದ್ದರೆ ಬಜೆಟ್ ಪಾಲನೆ ಕಷ್ಟವೇನಲ್ಲ. ಆದರೆ ಅಡುಗೆಮನೆಯ ವಸ್ತುಗಳ ದರ ತೀವ್ರವಾಗಿ ಏರಿಳಿಯುತ್ತದೆ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಈರುಳ್ಳಿ ಕಿಲೋಗೆ 200 ರೂಪಾಯಿ ಮುಟ್ಟಿತ್ತು. 2023ರ ಜುಲೈನಲ್ಲಿ ಟೊಮೆಟೊ 100 ರೂಪಾಯಿ ದಾಟಿತು. ಆ ತಿಂಗಳು ದೇಶದ ಆಹಾರ ಹಣದುಬ್ಬರ ಶೇ 11.51ಕ್ಕೆ ಏರಿತ್ತು. 2024ರ ಅಕ್ಟೋಬರಿನಲ್ಲಿ ಅದು ಶೇ 10.87ರಷ್ಟಿದ್ದರೆ, ಸರಿಯಾಗಿ ಒಂದು ವರ್ಷದ ನಂತರ, 2025ರ ಅಕ್ಟೋಬರಿನಲ್ಲಿ ಶೂನ್ಯಕ್ಕಿಂತ ಶೇ 5.02ರಷ್ಟು ಕೆಳಗಿಳಿದಿತ್ತು.

ಸರ್ಕಾರದ ತೀರ್ಮಾನಗಳೂ ಅಡುಗೆಮನೆಯನ್ನು ನೇರವಾಗಿ ತಟ್ಟುತ್ತವೆ. ಭಾರತ ತನಗೆ ಬೇಕಾದ ಖಾದ್ಯ ತೈಲದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಆಮದು ಮಾಡಿಕೊಳ್ಳುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರವು ಕಚ್ಚಾ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕವನ್ನು ಶೂನ್ಯದಿಂದ ಶೇ 20ಕ್ಕೆ ಏರಿಸಿತು; 2025ರ ಮೇ ಕೊನೆಯಲ್ಲಿ ಅದನ್ನು ಶೇ 10ಕ್ಕೆ ಇಳಿಸಿತು. ತುಪ್ಪದ ಕಥೆ ಇನ್ನೂ ವಿಚಿತ್ರ. 2025ರ ಸೆಪ್ಟೆಂಬರ್ 22ರಿಂದ ತುಪ್ಪದ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಾಗ ನಂದಿನಿ ತುಪ್ಪದ ದರ ಲೀಟರಿಗೆ 650 ರೂಪಾಯಿಯಿಂದ 610ಕ್ಕೆ ಇಳಿಯಿತು. ಆದರೆ ನವೆಂಬರ್ ಮೊದಲ ವಾರದಲ್ಲಿ ಅದು 700 ರೂಪಾಯಿಗೆ ಏರಿತು.

ಇಂಥ ಏರಿಳಿತವನ್ನು ಎದುರಿಸಲು ಎಲ್ಲ ವಸ್ತುಗಳಿಗೂ ಒಂದೇ ನಿಯಮ ಸಲ್ಲದು. ಹಾಲು, ಬೇಳೆ, ಮೊಟ್ಟೆಯಂಥ ವಸ್ತುಗಳಿಗೆ ಅಳತೆಯನ್ನು ನಿಗದಿ ಮಾಡಬೇಕು. ದರ ಏರಿದರೂ ಪ್ರಮಾಣ ಇಳಿಯಬಾರದು, ವ್ಯತ್ಯಾಸದ ಹಣ ಮೀಸಲು ಬಾಬತ್ತಿನಿಂದ ಬರಬೇಕು. ತರಕಾರಿ, ಹಣ್ಣಿಗೆ ಹಣವನ್ನು ನಿಗದಿ ಮಾಡಬೇಕು. ಒಟ್ಟು ತೂಕ ಇಳಿಸದೆ, ಯಾವ ತರಕಾರಿ ಎಂಬುದನ್ನು ಮಾರುಕಟ್ಟೆಗೆ ಬಿಡಬೇಕು. ಟೊಮೆಟೊ ತುಟ್ಟಿಯಾದ ವಾರ ಸಾರಿಗೆ ಹುಣಸೆಹಣ್ಣು ಸಾಕು. ಕರಾವಳಿಯಲ್ಲಿ ಪುನರ್ಪುಳಿ, ಅಮಟೆಕಾಯಿ ಇವೆ. ಹಳೆ ಮೈಸೂರಿನವರಿಗೆ ಸೊಪ್ಪಿನ ಬಸ್ಸಾರು, ಹುರುಳಿ ಸಾರು, ಚಳಿಗಾಲದ ಅವರೆಕಾಯಿ ಇದ್ದರೆ, ಉತ್ತರ ಕರ್ನಾಟಕದವರಿಗೆ ಪುಂಡಿಪಲ್ಯ, ಜುಣಕ, ಮೊಳಕೆ ಕಾಳಿನ ಪಲ್ಯ ಇವೆ. ಎಣ್ಣೆ, ಸಕ್ಕರೆ, ತಿಂಡಿತಿನಿಸುಗಳಿಗೆ ಅಳತೆ ಮತ್ತು ಹಣ ಎರಡಕ್ಕೂ ಮಿತಿ ಇರಬೇಕು. ದರ ಇಳಿದರೂ ಬಳಕೆ ಹೆಚ್ಚಬಾರದು.

ಬೆಲೆ ಇಳಿದ ತಿಂಗಳಲ್ಲಿ ಉಳಿದ ಹಣವನ್ನು ಬೇರೆಡೆ ಖರ್ಚು ಮಾಡದೆ ಮೀಸಲಿಗೇ ಸೇರಿಸುವುದು ಜಾಣತನ. ಬೆಲೆ ಇಳಿಕೆ ಶಾಶ್ವತವಲ್ಲ ಎಂಬುದಕ್ಕೆ ಮೇಲಿನ ಅಂಕಿಗಳೇ ಸಾಕ್ಷಿ.

ಸುಗ್ಗಿಯ ಕಾಲದ ಖರೀದಿ

ವರ್ಷಕ್ಕೆ ಬೇಕಾಗುವ ಕೆಲವು ಸಾಮಾನುಗಳನ್ನು ಸುಗ್ಗಿಯಲ್ಲಿ ಕೊಳ್ಳುವ ಪದ್ಧತಿ ರಾಜ್ಯದಲ್ಲಿ ಹಿಂದಿನಿಂದಲೂ ಇದೆ. ಕಲಬುರಗಿ ಭಾಗದ ತೊಗರಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಟಾವಾಗಿ ಮಾರುಕಟ್ಟೆಗೆ ಬರುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಒಣಮೆಣಸಿನಕಾಯಿ ವರ್ಷದ ಮೊದಲ ತಿಂಗಳುಗಳಲ್ಲಿ ರಾಶಿ ಬೀಳುತ್ತದೆ. ಹುಣಸೆಹಣ್ಣು ಬೇಸಿಗೆಯ ಆರಂಭದ್ದು. ಗಂಗಾವತಿ, ಸಿಂಧನೂರು ಭಾಗದ ಮುಂಗಾರು ಭತ್ತ ನವೆಂಬರ್-ಡಿಸೆಂಬರಿನಲ್ಲಿ ಕೊಯ್ಲಿಗೆ ಬರುತ್ತದೆ. ಆವಕ ಹೆಚ್ಚಿರುವ ಈ ದಿನಗಳಲ್ಲಿ ದರ ಸಾಮಾನ್ಯವಾಗಿ ತಗ್ಗಿರುತ್ತದೆ. ತಿಂಗಳಿಗೆ 600 ರೂಪಾಯಿಯಂತೆ ಕೂಡಿಟ್ಟ ಹಣದ ಒಂದು ಭಾಗ ಇಲ್ಲಿ ನೆರವಿಗೆ ಬರುತ್ತದೆ.

ಬೆಂಗಳೂರಿನ ಯಶವಂತಪುರ, ಮೈಸೂರಿನ ಬಂಡಿಪಾಳ್ಯ, ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆ ಪ್ರದೇಶಗಳಲ್ಲಿ ಮೂರು ನಾಲ್ಕು ಕುಟುಂಬಗಳು ಸೇರಿ ಮೂಟೆ ಲೆಕ್ಕದಲ್ಲಿ ಕೊಂಡು ಹಂಚಿಕೊಳ್ಳಬಹುದು. ಆದರೆ ಸಾಗಣೆಯ ಬಾಡಿಗೆ ಸೇರಿಸಿಯೂ ಲಾಭವಿದೆಯೇ ಎಂದು ಮೊದಲೇ ಲೆಕ್ಕ ಹಾಕಬೇಕು. ಕಾಪಿಡಲು ಸ್ಥಳವಿಲ್ಲದ ಬಾಡಿಗೆ ಮನೆಯಲ್ಲಿ ವರ್ಷದ ಬೇಳೆ ತಂದಿಟ್ಟು ಹುಳು ಬಿದ್ದರೆ ಅಗ್ಗದ ಖರೀದಿಯೂ ದುಬಾರಿಯೇ. ಬೇಳೆಯನ್ನು ಬಿಸಿಲಿಗೆ ಒಣಗಿಸಿ, ರವೆಯನ್ನು ಹುರಿದು, ತೇವವಿಲ್ಲದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡುವ ಶ್ರಮಕ್ಕೆ ಸಿದ್ಧರಿರುವವರಿಗೆ ಮಾತ್ರ ಇದು ಹೊಂದುತ್ತದೆ. ಉಳಿದವರಿಗೆ ಎರಡು ಮೂರು ತಿಂಗಳ ದಾಸ್ತಾನು ಸಾಕು.

ಅಂಗಡಿಯಲ್ಲಿ ನೋಡಬೇಕಾದ ಅಂಕಿ

ಪ್ಯಾಕೆಟ್ ಮೇಲಿನ ಗರಿಷ್ಠ ಮಾರಾಟ ದರವನ್ನು ಎಲ್ಲರೂ ನೋಡುತ್ತಾರೆ. ಅದರ ಸಮೀಪದಲ್ಲೇ ಇರುವ ಇನ್ನೊಂದು ಅಂಕಿ ಹೆಚ್ಚು ಉಪಯುಕ್ತ. ಪೊಟ್ಟಣದ ವಸ್ತುಗಳ ಮೇಲೆ ಪ್ರತಿ ಗ್ರಾಂ, ಕಿಲೋ, ಮಿಲಿಲೀಟರ್ ಅಥವಾ ಲೀಟರ್ ದರವನ್ನೂ ಮುದ್ರಿಸುವುದು 2024ರ ಜನವರಿ 1ರಿಂದ ಕಡ್ಡಾಯವಾಗಿದೆ. ಒಂದು ಕಿಲೋಗಿಂತ ಕಡಿಮೆ ತೂಕದ ಪೊಟ್ಟಣಕ್ಕೆ ಗ್ರಾಂ ದರ, ಹೆಚ್ಚಿನದಕ್ಕೆ ಕಿಲೋ ದರ ಇರುತ್ತದೆ. ಹಲವು ವಸ್ತುಗಳನ್ನು ಇಂತಿಷ್ಟೇ ತೂಕದಲ್ಲಿ ಮಾರಬೇಕೆಂಬ ಹಳೆಯ ನಿಯಮ ರದ್ದಾಗಿರುವುದರಿಂದ ಈ ಅಂಕಿಯ ಮಹತ್ವ ಹೆಚ್ಚಿದೆ.

ಎಣ್ಣೆಯನ್ನೇ ನೋಡಬಹುದು. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲೇ ಅದೇ ಗಾತ್ರದಂತೆ ತೋರುವ 850 ಗ್ರಾಂ ಪ್ಯಾಕೆಟ್ ಇರಬಹುದು. ಮೊದಲನೆಯದಕ್ಕೆ 150 ರೂಪಾಯಿ, ಎರಡನೆಯದಕ್ಕೆ 144 ರೂಪಾಯಿ ಎಂದುಕೊಂಡರೆ ಎರಡನೆಯದು 6 ರೂಪಾಯಿ ಅಗ್ಗವೆಂದು ಕಾಣುತ್ತದೆ. ಗ್ರಾಂ ಲೆಕ್ಕದಲ್ಲಿ ಮೊದಲನೆಯದು ಸುಮಾರು 16.5 ಪೈಸೆ, ಎರಡನೆಯದು ಸುಮಾರು 17 ಪೈಸೆ. ಅಗ್ಗವೆಂದು ಕಂಡದ್ದೇ ತುಟ್ಟಿ! ಒಂದು ಕೊಂಡರೆ ಒಂದು ಉಚಿತ ಎಂಬ ಕೊಡುಗೆಗೂ ಇದೇ ಒರೆಗಲ್ಲು. ಚೀಟಿಯಲ್ಲಿ ಇಲ್ಲದ ವಸ್ತು ಎಷ್ಟೇ ರಿಯಾಯಿತಿಯಲ್ಲಿ ಸಿಕ್ಕರೂ ಅದು ಉಳಿತಾಯವಲ್ಲ, ಹೊಸ ಖರ್ಚು.

ತರಕಾರಿಗೆ ಹಾಪ್‌ಕಾಮ್ಸ್ ಮಳಿಗೆಗಳ ದಿನದ ದರಪಟ್ಟಿ ಒಳ್ಳೆಯ ಅಳತೆಗೋಲು. 1959ರಿಂದ ಕಾರ್ಯನಿರ್ವಹಿಸುತ್ತಿರುವ ಈ ಸಹಕಾರಿ ಸಂಸ್ಥೆಯ ದರವನ್ನು ತಿಳಿದುಕೊಂಡರೆ ತಳ್ಳುಗಾಡಿ, ಸಂತೆ, ಮೊಬೈಲ್ ಆ್ಯಪ್ ಯಾವುದರಲ್ಲಿ ಕೊಳ್ಳಬೇಕೆಂದು ನಿರ್ಧರಿಸುವುದು ಸುಲಭ.

ಕಣ್ಣಿಗೆ ಕಾಣದ ಪಾವತಿ

ಹಿಂದೆ ಸಾಸಿವೆ ಡಬ್ಬಿಯಲ್ಲಿಟ್ಟ ನೋಟುಗಳು ತೆಳುವಾಗುವುದು ಕಣ್ಣಿಗೆ ಕಾಣುತ್ತಿತ್ತು. ಅಂಗಡಿಯ ಉದ್ರಿ ಪುಸ್ತಕದಲ್ಲೂ ಬಾಕಿ ಬೆಳೆಯುವುದು ಗೊತ್ತಾಗುತ್ತಿತ್ತು. ಮೊಬೈಲಿನಲ್ಲಿ ಕ್ಯೂಆರ್ ಸಂಕೇತ ಹಿಡಿದು ಪಾವತಿಸುವಾಗ ಆ ಎಚ್ಚರಿಕೆ ಇರುವುದಿಲ್ಲ. ಬಾಡಿಗೆ, ಶುಲ್ಕ, ತರಕಾರಿ ಎಲ್ಲವೂ ಒಂದೇ ಖಾತೆಯಿಂದ ಹೋಗುವುದರಿಂದ ಅಡುಗೆಮನೆಯ ಪಾಲು ಬೆರೆತುಹೋಗುತ್ತದೆ.

ಇದಕ್ಕೆ ಅದೇ ಮೊಬೈಲಿನಲ್ಲಿ ಪರಿಹಾರವೂ ಇದೆ. ಯುಪಿಐ ಲೈಟ್ ವ್ಯವಸ್ಥೆಯಲ್ಲಿ ಗರಿಷ್ಠ 5,000 ರೂಪಾಯಿವರೆಗೆ ಪ್ರತ್ಯೇಕವಾಗಿ ತುಂಬಿಟ್ಟು, ಒಮ್ಮೆಗೆ 1,000 ರೂಪಾಯಿವರೆಗೆ ಪಾವತಿಸಲು ಭಾರತೀಯ ರಿಸರ್ವ್ ಬ್ಯಾಂಕ್ 2024ರ ಡಿಸೆಂಬರಿನಲ್ಲಿ ಅವಕಾಶ ನೀಡಿತು. ಪ್ರತಿ ಸೋಮವಾರ ಅದಕ್ಕೆ ತರಕಾರಿಯ 700 ರೂಪಾಯಿಯನ್ನಷ್ಟೇ ತುಂಬಿ, ತಾನಾಗಿ ಮರುಭರ್ತಿಯಾಗುವ ಸೌಲಭ್ಯವನ್ನು ನಿಲ್ಲಿಸಿದರೆ ಸಾಸಿವೆ ಡಬ್ಬಿಯ ಕಟ್ಟುಪಾಡು ಮರಳಿ ಬರುತ್ತದೆ. ಮೊಬೈಲ್ ಒಗ್ಗದ ಹಿರಿಯರಿದ್ದ ಮನೆಯಲ್ಲಿ ವಾರಕ್ಕೊಂದು ಲಕೋಟೆಯಂತೆ ನಗದು ಇಡುವುದು ಇಂದಿಗೂ ಫಲಕಾರಿ.

ದಿನಸಿಯನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು ಪೂರ್ತಿ ಬಾಕಿ ತೀರಿಸದೆ ಮುಂದೂಡುವುದು ಅಪಾಯಕಾರಿ. ಹಲವು ಬ್ಯಾಂಕುಗಳು ಉಳಿದ ಬಾಕಿಗೆ ತಿಂಗಳಿಗೆ ಶೇ 3ಕ್ಕಿಂತ ಹೆಚ್ಚು ಬಡ್ಡಿ ವಿಧಿಸುತ್ತವೆ. ಉಂಡು ಮುಗಿದ ಅಕ್ಕಿಗೆ ಬಡ್ಡಿ ಕಟ್ಟುವ ಸ್ಥಿತಿ ಬಂದರೆ ಮುಂದಿನ ತಿಂಗಳ ಬಜೆಟ್ ಆರಂಭವಾಗುವ ಮೊದಲೇ ಸೋತಿರುತ್ತದೆ.

ಕತ್ತರಿ ಹಾಕಲೇಬೇಕಾದರೆ

ಎಷ್ಟೇ ಎಚ್ಚರ ವಹಿಸಿದರೂ ಕಾಯಿಲೆ, ನೆಂಟರಿಷ್ಟರು, ಕೆಲಸದ ನಷ್ಟದಿಂದಾಗಿ ಹಣ ಸಾಲದಾಗಬಹುದು. ಆಗ ಯಾವುದನ್ನು ಮೊದಲು ಕಡಿಮೆ ಮಾಡಬೇಕೆಂಬುದು ಮುಂಚೆಯೇ ನಿರ್ಧಾರವಾಗಿರಬೇಕು. ಮೊದಲು ತಂಪು ಪಾನೀಯ, ಚಿಪ್ಸ್, ಬಿಸ್ಕತ್ತು. ನಂತರ ಹೊರಗಿನ ಊಟ. ಆಮೇಲೆ ಎಣ್ಣೆ, ಸಕ್ಕರೆ. ಅದರ ಮೇಲೆ ದುಬಾರಿ ಬ್ರಾಂಡುಗಳು. ಬೇಳೆ, ಹಾಲು, ಸೊಪ್ಪು, ಮೊಟ್ಟೆ ಕೊನೆಯವರೆಗೂ ಉಳಿಯಬೇಕು. ವಾಸ್ತವದಲ್ಲಿ ಎಷ್ಟೋ ಮನೆಗಳಲ್ಲಿ ಇದರ ತಿರುಗುಮುರುಗು ನಡೆಯುತ್ತದೆ. ಮಕ್ಕಳು ಹಟ ಹಿಡಿಯುವ ಬಿಸ್ಕತ್ತು ಉಳಿಯುತ್ತದೆ, ಯಾರೂ ಕೇಳದ ಹಣ್ಣು ಹೋಗುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಇದಕ್ಕೆ ಕಾರಣಗಳು ಹಲವಾದರೂ ತಟ್ಟೆಯಲ್ಲಿ ಏನಿದೆ ಎಂಬುದು ಅವುಗಳಲ್ಲಿ ಒಂದು. ಪೋಷಕಾಂಶ ದುಬಾರಿಯೇ ಆಗಿರಬೇಕೆಂದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಹುರುಳಿ, ಹೆಸರುಕಾಳು, ಕಡಲೆಬೀಜ, ನುಗ್ಗೆಸೊಪ್ಪು ಸಾಮಾನ್ಯ ಮನೆಗೂ ಎಟುಕುವ ವಸ್ತುಗಳು.

ತಿಂಗಳ ಕೊನೆಯ ಅರ್ಧ ಗಂಟೆ

ಲೆಕ್ಕ ಬರೆಯುವುದನ್ನು ಉತ್ಸಾಹದಿಂದ ಆರಂಭಿಸಿ ಹತ್ತನೇ ದಿನಕ್ಕೆ ಕೈಬಿಡುವವರೇ ಹೆಚ್ಚು. ಪ್ರತಿ ರೂಪಾಯಿಯನ್ನೂ ಬರೆಯಬೇಕಾಗಿಲ್ಲ. ಆರು ಬಾಬತ್ತುಗಳಿಗೆ ವಾರಕ್ಕೊಮ್ಮೆ ಒಂದೊಂದು ಅಂಕಿ ಬರೆದರೂ ಸಾಕು. ತಿಂಗಳ ಕೊನೆಯಲ್ಲಿ ಅರ್ಧ ಗಂಟೆ ಕುಳಿತು ನೋಡಿದರೆ ಎಲ್ಲಿ ಮೀರಿತು, ದರದಿಂದ ಮೀರಿತೇ, ಬಳಕೆಯಿಂದ ಮೀರಿತೇ ಎಂಬುದು ಸ್ಪಷ್ಟವಾಗುತ್ತದೆ. ದರದಿಂದ ಮೀರಿದ್ದರೆ ಮುಂದಿನ ತಿಂಗಳ ಮೊತ್ತವನ್ನು ಪರಿಷ್ಕರಿಸಬೇಕು. ಬಳಕೆಯಿಂದ ಮೀರಿದ್ದರೆ ಅಳತೆಯನ್ನು ತಿದ್ದಬೇಕು. ಸತತ ಮೂರು ತಿಂಗಳು ಒಂದೇ ಬಾಬತ್ತು ಮೀರುತ್ತಿದ್ದರೆ ಆ ಮಿತಿಯೇ ಅವಾಸ್ತವಿಕ ಎಂದರ್ಥ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ನಿಜ, ಆದರೆ ಹಾಸಿಗೆಯ ಉದ್ದವನ್ನು ಸರಿಯಾಗಿ ಅಳೆದಿರಬೇಕು.

ಈ ಅರ್ಧ ಗಂಟೆಯಲ್ಲಿ ಗೃಹಿಣಿ ಒಬ್ಬಳೇ ಕುಳಿತರೆ ಪ್ರಯೋಜನ ಅರ್ಧ ಮಾತ್ರ. ಮೊಬೈಲಿನಲ್ಲಿ ತರಿಸುವವರು, ಸಂಜೆ ತಿಂಡಿ ತರುವವರು, ಬಿಸ್ಕತ್ತು ಕೇಳುವವರು ಎಲ್ಲರೂ ಅದೇ ಬಜೆಟ್ಟಿನ ಪಾಲುದಾರರು. ಅವರ ಮುಂದೆ ಅಂಕಿಗಳು ಬಂದರೆ ಯಾವುದನ್ನು ಬಿಡಬೇಕೆಂಬ ತೀರ್ಮಾನ ಎಲ್ಲರದ್ದಾಗುತ್ತದೆ. ಇಲ್ಲವಾದಲ್ಲಿ ಇಪ್ಪತ್ತೈದನೆಯ ತಾರೀಕಿನ ನಂತರ ತನ್ನ ಲೋಟದ ಹಾಲನ್ನು ಬಿಡುವ ತೀರ್ಮಾನ ಒಬ್ಬಳದ್ದಾಗಿಯೇ ಉಳಿಯುತ್ತದೆ.